1 ಇಂಚು ಜಿಐ ಲೈನಿಗೆ 15 ಎಂಎಂ ತಾಮ್ರದ ಪೈಪು: ಬೆಸುಗೆ ಇಲ್ಲದೆ ಕೂಡಿಸುವುದು ಹೇಗೆ?

ಮಹಡಿಮನೆ:
ಓವರ್‌ಹೆಡ್ ಟ್ಯಾಂಕಿನಿಂದ ಬರುವ ಹಳೇ ಜಿಐ (ಸತು ಬಳಿದ ಕಬ್ಬಿಣದ) ಲೈನು 1 ಇಂಚು. ಸೋಲಾರ್ ಹೀಟರಿನ ತಣ್ಣೀರಿನ ಬಾಯಿಗೆ ಕೂಡಿಸಿರುವುದು 15 ಎಂಎಂ ತಾಮ್ರದ ಪೈಪು. ಪಕ್ಕದಲ್ಲೇ ಮರದ ಜಂತೆ ಇರುವುದರಿಂದ ಗ್ಯಾಸ್ ಟಾರ್ಚ್ ಹಚ್ಚುವಂತಿಲ್ಲ. ಬೋರ್‌ವೆಲ್‌ನ ಗಡಸು ನೀರು. ನಡುವೆ ಒಂದು ರೆಡ್ಯೂಸರ್ (ದೊಡ್ಡ ಪೈಪಿನಿಂದ ಚಿಕ್ಕದಕ್ಕೆ ಇಳಿಸುವ ಫಿಟಿಂಗ್) ಹಾಕಿದರೆ ಸಾಕೇ?

ಪಾನಾಪೆಟ್ಟಿಗೆ:
ಮೊದಲು ಅಳತೆ. ಜಿಐಯಲ್ಲಿ 1 ಇಂಚು ಅನ್ನುವುದು ಒಳರಂಧ್ರದ ಹೆಸರು, ಹೊರಗೆ ಅಳೆದರೆ 33.7 ಎಂಎಂ ಬರುತ್ತದೆ. ತಾಮ್ರಕ್ಕೆ ಹೇಳುವುದು ಹೊರ ಅಳತೆ. ಎಸಿಯವರು ಬಳಸುವ 5/8 ಪೈಪು 15.88 ಎಂಎಂ. ಅದನ್ನೇ ‘15’ ಎಂದು ಕೊಟ್ಟುಬಿಡುತ್ತಾರೆ, 15ರ ಫಿಟಿಂಗ್‌ಗೆ ಅದು ಹೋಗುವುದೇ ಇಲ್ಲ. ವರ್ನಿಯರ್ ಹಿಡಿದು ನೋಡಿ.

ತಾಮ್ರದ ಕಡೆಗೆ ಬೇಕಾದದ್ದು ½ ಇಂಚು ಗಂಡು ಥ್ರೆಡ್ ಇರುವ 15 ಎಂಎಂ ಹಿತ್ತಾಳೆ ಕಂಪ್ರೆಶನ್ ಫಿಟಿಂಗ್, ಅಂದರೆ ನಟ್ ಬಿಗಿದಾಗ ಒಳಗಿನ ಉಂಗುರ ಪೈಪನ್ನು ಅದುಮಿ ಹಿಡಿಯುವಂಥದ್ದು. ಪೈಪನ್ನು ಟ್ಯೂಬ್ ಕಟರ್‌ನಲ್ಲಿ ಕತ್ತರಿಸಿ. ಹ್ಯಾಕ್ಸಾದಲ್ಲಿ ಕೊಯ್ದರೆ ಬಾಯಿ ಓರೆಯಾಗುತ್ತದೆ. ಒಳಗಿನ ಹೊರಗಿನ ಜುಂಗು ಕೆರೆದು, ಮೊದಲು ನಟ್, ಆಮೇಲೆ ಹಿತ್ತಾಳೆ ಉಂಗುರ ತೂರಿಸಿ, ಪೈಪು ಒಳಗಿನ ತಡೆಗೆ ಮುಟ್ಟುವವರೆಗೆ ದೂಡಿ. ಕೈಯಲ್ಲಿ ಬಿಗಿದ ಮೇಲೆ ಫಿಟಿಂಗ್ ಮೈಯನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದು, ಇನ್ನೊಂದರಲ್ಲಿ ಮುಕ್ಕಾಲರಿಂದ ಒಂದು ಸುತ್ತು ತಿರುಗಿಸಿ. ಸುರುಳಿಯಾಗಿ ಸಿಗುವ ಮೆತ್ತನೆಯ ತಾಮ್ರವಾದರೆ ಬಾಯೊಳಗೆ ಇನ್ಸರ್ಟ್ (ಒಳಗಿನಿಂದ ಆಧಾರ ಕೊಡುವ ಗಟ್ಟಿ ಕೊಳವೆ) ಬೇಕೇ ಬೇಕು, ಇಲ್ಲದಿದ್ದರೆ ಪೈಪು ಅದುಮಿಕೊಳ್ಳುತ್ತದೆ.

ಟೆಫ್ಲಾನ್ ಟೇಪು ½ ಇಂಚು ಥ್ರೆಡ್ಡಿಗೆ ಮಾತ್ರ, 10-12 ಸುತ್ತು. ಉಂಗುರದ ನಟ್ಟಿಗೆ ಸುತ್ತಬೇಡಿ. ಅಲ್ಲಿ ನೀರು ತಡೆಯುವುದು ಥ್ರೆಡ್ ಅಲ್ಲ, ಉಂಗುರ.

ನೀರುದಾರಿ:
ರೆಡ್ಯೂಸರ್ ಗಾತ್ರವನ್ನಷ್ಟೇ ಸರಿಮಾಡುತ್ತದೆ. ಸತು ಬಳಿದ ಕಬ್ಬಿಣಕ್ಕೆ ತಾಮ್ರ ನೇರ ಮುಟ್ಟಿದರೆ ಇಬ್ಬರ ನಡುವೆ ಬ್ಯಾಟರಿಯಂತೆ ಕರೆಂಟ್ ಹರಿದು, ಮೊದಲು ಸತು, ಆಮೇಲೆ ಕಬ್ಬಿಣ ಸವೆಯುತ್ತದೆ. ಲವಣ ಹೆಚ್ಚಿರುವ ಬೋರ್ ನೀರಿನಲ್ಲಿ ಇದು ಇನ್ನೂ ಜೋರು. ನಡುವೆ ಹಿತ್ತಾಳೆ ಇದ್ದರೆ ತುಸು ತಗ್ಗುತ್ತದೆ, ನಿಲ್ಲುವುದಿಲ್ಲ. ಎರಡು ಲೋಹ ಒಂದಕ್ಕೊಂದು ಮುಟ್ಟದಂತೆ ಕೂಡಿಸುವ ಡೈಎಲೆಕ್ಟ್ರಿಕ್ ಯೂನಿಯನ್ ಎಲ್ಲ ಅಂಗಡಿಯಲ್ಲೂ ಸಿಗದು. ಅಗ್ಗದ ದಾರಿ, ನಡುವೆ ಒಂದಡಿ ಸಿಪಿವಿಸಿ (ಬಿಸಿನೀರಿಗೂ ಬಳಸುವ ಪ್ಲಾಸ್ಟಿಕ್ ಪೈಪು).

ಜೋಡಣೆ ಹೀಗೆ: ಜಿಐ ಬಾಯಿಗೆ 1×¾ ಜಿಐ ರೆಡ್ಯೂಸಿಂಗ್ ಸಾಕೆಟ್, ಅದಕ್ಕೆ ಹಿತ್ತಾಳೆ ಥ್ರೆಡ್ಡಿನ ¾ ಸಿಪಿವಿಸಿ ಗಂಡು ಅಡಾಪ್ಟರ್, ಒಂದಡಿ ಪೈಪು, ಅಂಥದ್ದೇ ಇನ್ನೊಂದು ಅಡಾಪ್ಟರ್, ¾ ಹಿತ್ತಾಳೆ ನಾನ್‌ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವುದು), ¾×½ ಬುಷ್, ಕೊನೆಗೆ ಮೇಲೆ ಹೇಳಿದ ಕಂಪ್ರೆಶನ್ ಫಿಟಿಂಗ್. ಬರೀ ಪ್ಲಾಸ್ಟಿಕ್ ಥ್ರೆಡ್ಡಿನ ಅಡಾಪ್ಟರ್ ತರಬೇಡಿ, ಬಿಗಿದರೆ ಸೀಳುತ್ತದೆ. ಸಿಪಿವಿಸಿ ಅಂಟು (ಸಾಲ್ವೆಂಟ್ ಸಿಮೆಂಟ್) ಹಚ್ಚಿ ಕೂಡಿಸಿದ ಮೇಲೆ ಒಂದು ದಿನ ನೀರು ಬಿಡಬೇಡಿ. ವಾಲ್ವ್ ಸ್ವಿಂಗ್ ಮಾದರಿಯದ್ದಿರಲಿ (ಒಳಗೆ ಬಾಗಿಲಿನಂತೆ ತೂಗುವ ತಟ್ಟೆ ಇರುವುದು): 1 ಮೀಟರ್ ಎತ್ತರದ ಟ್ಯಾಂಕಿನ ಒತ್ತಡ ಚದರ ಸೆಂಟಿಮೀಟರಿಗೆ ಬರೀ 0.1 ಕೆಜಿ, ಸ್ಪ್ರಿಂಗ್ ಮಾದರಿಯ ವಾಲ್ವ್ ತೆರೆಯಲು ಅದು ಸಾಲದೆ ಹೋಗಬಹುದು.

ಹಳೇ ಥ್ರೆಡ್ಡನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಜಿಐ ಪೈಪನ್ನು ಇನ್ನೊಂದು ಪೈಪ್ ಪಾನಾದಲ್ಲಿ ಹಿಡಿದೇ ತಿರುಗಿಸಿ. ಇಲ್ಲವಾದರೆ ಗೋಡೆಯೊಳಗಿನ ಎಲ್ಬೋ ಸಡಿಲವಾಗುತ್ತದೆ, ಆಮೇಲೆ ಗೋಡೆ ಒಡೆಯುವ ಕೆಲಸ.

ಮಹಡಿಮನೆ:
ಉಂಗುರದ ಹತ್ತಿರ ಹನಿ ಕಂಡರೆ? ಇನ್ನೊಂದು, ಬಿಸಿನೀರು ಕೆಳಗೆ ಬಚ್ಚಲಿಗೆ ಹೋಗುವುದೂ ಹಳೇ ಜಿಐಯಲ್ಲೇ.

ಪಾನಾಪೆಟ್ಟಿಗೆ:
ಕಾಲು ಸುತ್ತು ಬಿಗಿಯಿರಿ, ಅಷ್ಟೇ. ಆಗಲೂ ನಿಲ್ಲದಿದ್ದರೆ ಆ ತುದಿ ಕತ್ತರಿಸಿ ಹೊಸ ಉಂಗುರ ಹಾಕಿ. ಮತ್ತೆ ಮತ್ತೆ ಬಿಗಿದರೆ ಪೈಪಿನ ಸೊಂಟ ಹಿಂಡಿಹೋಗುತ್ತದೆ.

ನೀರುದಾರಿ:
ಎರಡನೆಯದೇ ದೊಡ್ಡ ತೊಂದರೆ. ತಣ್ಣೀರಿನ ಕಡೆ ಜಿಐ ಮುಂಚೆ, ತಾಮ್ರ ಆಮೇಲೆ. ಅದು ಸರಿಯಾದ ಕ್ರಮ. ಬಿಸಿನೀರಿನ ಕಡೆ ತಾಮ್ರ ದಾಟಿದ ನೀರು ಜಿಐಗೆ ಇಳಿಯುತ್ತದೆ. ನೀರಿನಲ್ಲಿ ಕರಗಿದ ತಾಮ್ರ ಸತುವಿನ ಮೇಲೆ ಕೂತು ಅಲ್ಲಲ್ಲಿ ತೂತು ಕೊರೆಯುತ್ತದೆ, ಯಾವ ಯೂನಿಯನ್ನೂ ಅದನ್ನು ತಡೆಯದು. ಜತೆಗೆ 60 ಡಿಗ್ರಿ ದಾಟಿದ ನೀರಿನಲ್ಲಿ ಸತುವಿನ ಕಾವಲೂ ನೆಚ್ಚಿಕೆಯದಲ್ಲ. ಆ ಲೈನನ್ನು ಸಿಪಿವಿಸಿಗೆ ಬದಲಿಸಿ. ಆದರೆ ಹೀಟರಿನಿಂದ ಹೊರಬರುವ ಮೊದಲ ಒಂದೆರಡು ಮೀಟರ್ ತಾಮ್ರವೇ ಇರಲಿ. ನೀರು ಬಳಸದೆ ಊರಿಗೆ ಹೋದ ದಿನಗಳಲ್ಲಿ ಅಲ್ಲಿ ಕುದಿಯುವಷ್ಟು ಬಿಸಿ ಏರಬಹುದು.

ಇನ್ನು, ಹಳೇ ಮನೆಯಾದರೆ ನಲ್ಲಿ ಪೈಪಿಗೇ ಅರ್ತ್ ವೈರ್ ಸುತ್ತಿರುವುದುಂಟು. ನಡುವೆ ಪ್ಲಾಸ್ಟಿಕ್ ಬಂದರೆ ಆ ಅರ್ತ್ ಕಡಿದುಹೋಗುತ್ತದೆ. ಪೈಪು ಕತ್ತರಿಸುವ ಮುಂಚೆಯೇ ಎಲೆಕ್ಟ್ರಿಷಿಯನ್ ಕೈಲಿ ಬೇರೆ ಅರ್ತ್ ಹಾಕಿಸಿ.