ಕೀಮೋ ಮುಗಿದ ಮೇಲೂ ಪೆಟ್ ಸ್ಕ್ಯಾನ್‌ನಲ್ಲಿ ಎದೆ ಹೊಳೆಯುತ್ತಿದೆ, ಏನರ್ಥ?

ಹಾಸನದ ಅಮ್ಮ:
ಮಗನಿಗೆ 9 ವರ್ಷ, ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಗಡ್ಡೆ ಇದ್ದದ್ದು ಕುತ್ತಿಗೆ, ಕಂಕುಳಲ್ಲಿ ಮಾತ್ರ. ಒಇಪಿಎ ಎಂಬ ಕೀಮೋ ಎರಡು ಸೈಕಲ್ ಆದ ಮೇಲೆ ಪೆಟ್ ಮಾಡಿ, ಹೊಳಪು ಎಷ್ಟಿದೆ ಎಂದು ಹೇಳುವ ಡೋವಿಲ್ ಸ್ಕೋರ್ 2, ರೇಡಿಯೇಷನ್ ಬೇಡ ಎಂದರು. ಉಳಿದ ಕೀಮೋನೂ ಮುಗಿಯಿತು. ಮೂರು ತಿಂಗಳ ಮೇಲೆ ಕೆಮ್ಮು ಬಂತು. ಎಕ್ಸ್‌ರೇಯಲ್ಲಿ ಎದೆ ನಡುವೆ ಅಗಲವಾಗಿ ಕಂಡಿತು ಅಂತ ಮತ್ತೆ ಪೆಟ್ ಮಾಡಿಸಿದರು. ಈಗ ಎದೆಮೂಳೆಯ ಹಿಂದೆ ಹೊಳೆಯುತ್ತಿದೆಯಂತೆ. ರಿಪೋರ್ಟಿನಲ್ಲಿ 'ಥೈಮಿಕ್ ರಿಬೌಂಡ್ ಇರಬಹುದು' ಎಂದಿದೆ. ರೇಡಿಯೇಷನ್ ಕೊಡಿಸದೇ ಹೀಗಾಯಿತು ಅಂತ ನಮ್ಮ ಮಾವನವರು ಊಟ ಬಿಟ್ಟು ಕೂತಿದ್ದಾರೆ. ಡಾಕ್ಟರ್ ಸಿಗುವುದು ಸೋಮವಾರ.

ಸ್ಕ್ಯಾನ್ ರೂಮಿನವನು:
ಅಕ್ಕಾ, ನಾನು ಡಾಕ್ಟರ್ ಅಲ್ಲ, ಪೆಟ್ ಟೆಕ್ನಿಷಿಯನ್. ಕೊನೇ ಮಾತು ಸೋಮವಾರ ಅವರದ್ದೇ. ಆದರೆ ಮಕ್ಕಳ ಸ್ಕ್ಯಾನ್‌ನಲ್ಲಿ ಇದನ್ನು ತುಂಬಾ ನೋಡಿದ್ದೇನೆ.

ನಾವು ಚುಚ್ಚುವುದು ಎಫ್‌ಡಿಜಿ, ಅಂದರೆ ವಿಕಿರಣ ಅಂಟಿಸಿದ ಸಕ್ಕರೆ. ಯಾವ ಜಾಗ ಸಕ್ಕರೆ ಜಾಸ್ತಿ ತಿನ್ನುತ್ತದೋ ಅದು ಹೊಳೆಯುತ್ತದೆ. ಅದಕ್ಕೆ ಕ್ಯಾನ್ಸರ್ ಯಾವುದು, ಬೇರೆ ಯಾವುದು ಅಂತ ಗೊತ್ತಾಗುವುದಿಲ್ಲ. ಥೈಮಸ್ ಮಕ್ಕಳ ಎದೆಮೂಳೆಯ ಹಿಂದೆ ಇರುವ ಗ್ರಂಥಿ. ಕೀಮೋ, ಸ್ಟೀರಾಯ್ಡ್ ಹೊಡೆತಕ್ಕೆ ಕುಗ್ಗುತ್ತದೆ. ಚಿಕಿತ್ಸೆ ನಿಂತ ಕೆಲವು ತಿಂಗಳಿಗೆ ಮತ್ತೆ ಬೆಳೆಯುತ್ತದೆ, ಆಗ ಚೆನ್ನಾಗಿಯೇ ಹೊಳೆಯುತ್ತದೆ. ಥೈಮಿಕ್ ರಿಬೌಂಡ್ ಅನ್ನುವುದು ಇದನ್ನೇ. ತಲೆಕೆಳಗಾದ 'ವಿ' ಆಕಾರದಲ್ಲಿ ಒಂದೇ ಸಮ ಹರಡಿದ್ದು, ಹಳೇ ಗಡ್ಡೆಯ ಜಾಗಗಳು ಸ್ವಚ್ಛವಾಗಿದ್ದರೆ ಡಾಕ್ಟರುಗಳು ಮೊದಲು ಯೋಚಿಸುವುದು ಥೈಮಸ್ಸನ್ನೇ. ಕುತ್ತಿಗೆ, ಕಂಕುಳ ಬಗ್ಗೆ ರಿಪೋರ್ಟ್ ಏನು ಹೇಳುತ್ತದೆ ನೋಡಿ.

ಕ್ಯಾನ್ಸರ್ ಅಲ್ಲದೆ ಹೊಳೆಯುವವು ಇನ್ನೂ ಎಷ್ಟೋ ಇವೆ. ಎಸಿ ರೂಮಿನಲ್ಲಿ ಮಗುವಿಗೆ ಚಳಿಯಾದರೆ ಕತ್ತಿನಲ್ಲಿರುವ, ಮೈ ಬೆಚ್ಚಗಿಡುವ ಕಂದು ಕೊಬ್ಬು ಹೊಳೆಯುತ್ತದೆ, ಅದಕ್ಕೇ ನಾವು ಕಂಬಳಿ ಹೊದಿಸುವುದು. ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಆಗಷ್ಟೇ ಆಗಿದ್ದರೆ ಮೂಳೆಮಜ್ಜೆ ಇಡೀ ಹೊಳೆಯುತ್ತದೆ. ಟಿಬಿ ಗಂಟೂ ಹೊಳೆಯುತ್ತದೆ, ನಮ್ಮ ದೇಶದಲ್ಲಿ ಇದನ್ನು ಮರೆಯುವ ಹಾಗಿಲ್ಲ. ಕೆಮ್ಮಿನ ವಿಷಯ ಸೋಮವಾರ ಬಿಡದೆ ಹೇಳಿ.

ಮಂಡ್ಯದ ಅಪ್ಪ:
ನಿಮ್ಮ ಮಾವನವರಿಗೆ ಹೇಳಿ, ರೇಡಿಯೇಷನ್ ಬಿಟ್ಟದ್ದು ಉಡಾಫೆಯಲ್ಲ. ನಮ್ಮ ಮಗಳಿಗೂ ಬಿಟ್ಟರು. ಆಗ ಡಾಕ್ಟರ್ ಇದೇ ಕಾಯಿಲೆಯ ಮಕ್ಕಳ ಮೇಲೆ ಯುರೋಪಿನಲ್ಲಿ ನಡೆದ ಯೂರೋನೆಟ್ ಸಿ1 ಟ್ರಯಲ್ ಬಗ್ಗೆ ಹೇಳಿದ್ದರು. ಎರಡು ಸೈಕಲ್ ಆದ ಮೇಲಿನ ಪೆಟ್ ಚೆನ್ನಾಗಿ ಬಂದ ಮಕ್ಕಳಿಗೆ ಅದರಲ್ಲಿ ರೇಡಿಯೇಷನ್ ಕೊಡಲಿಲ್ಲ. ಐದು ವರ್ಷವಾದರೂ ಕಾಯಿಲೆ ಮರಳದೆ ಇದ್ದವರು 90%ರ ಆಸುಪಾಸು. ರೇಡಿಯೇಷನ್ ತಪ್ಪಿದರೆ ಮುಂದೆ ಥೈರಾಯ್ಡ್, ಹೃದಯ, ಇನ್ನೊಂದು ಕ್ಯಾನ್ಸರ್, ಹೆಣ್ಣುಮಕ್ಕಳಾದರೆ ಸ್ತನ, ಈ ಚಿಂತೆಗಳು ಕಮ್ಮಿ. ಡೋವಿಲ್ ಸ್ಕೋರ್ ಐದರವರೆಗೆ ಇದೆ. 2 ಅಂದರೆ ಎದೆಯ ದೊಡ್ಡ ರಕ್ತನಾಳದಲ್ಲಿರುವ ರಕ್ತಕ್ಕಿಂತ ಹೆಚ್ಚು ಹೊಳಪಿಲ್ಲ. ಲಿವರ್ ದಾಟಿದರೆ 4. ನಿಮ್ಮದು ಒಳ್ಳೆಯ ನಂಬರ್.

ಇನ್ನೊಂದು. ಸುಮ್ನೆ ಸಮಾಧಾನಕ್ಕೆ ಅಂತ ಆಗಾಗ ಪೆಟ್ ಮಾಡಿಸಬೇಡಿ. ನಮ್ಮ ನೆಂಟರೊಬ್ಬರು ಹಾಗೆ ಒತ್ತಾಯಿಸುತ್ತಿದ್ದರು. ಲಕ್ಷಣ ಇಲ್ಲದೆ ಮಾಡಿಸಿದರೆ ಇಂಥ ಸುಳ್ಳು ಹೊಳಪೇ ಜಾಸ್ತಿ ಸಿಗುತ್ತದೆ, ವಿಕಿರಣ ಬೇರೆ. ನಿಮ್ಮಲ್ಲಿ ಕಾರಣ ಇತ್ತು, ಅದು ಬೇರೆ ಮಾತು.

ಹಾಸನದ ಅಮ್ಮ:
ನೋಡಿದೆ. 'ಕುತ್ತಿಗೆ, ಕಂಕುಳಲ್ಲಿ ಹೊಳಪಿಲ್ಲ' ಅಂತಲೇ ಇದೆ. ಮಾವನವರಿಗೆ ಓದಿ ಹೇಳಿದೆ, ಕಾಫಿ ಕುಡಿದರು. ಅಣ್ಣಾ, ಇನ್ನೊಂದು ಸಣ್ಣ ಪ್ರಶ್ನೆ. ತಂಗಿ ಬಸುರಿ, ನಮ್ಮ ಮನೆಯಲ್ಲೇ ಇದ್ದಾಳೆ. ಮತ್ತೆ ಪೆಟ್ ಮಾಡಿಸಿದರೆ ಆ ರಾತ್ರಿ ಮಗ ಅವಳ ಪಕ್ಕ ಮಲಗಬಹುದಾ?

ಸ್ಕ್ಯಾನ್ ರೂಮಿನವನು:
ಎಫ್‌ಡಿಜಿಯ ಅರ್ಧಾಯುಷ್ಯ ಸುಮಾರು 110 ನಿಮಿಷ, ಅಂದರೆ ಅಷ್ಟು ಹೊತ್ತಿಗೊಮ್ಮೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಬೆಳಿಗ್ಗೆ ಚುಚ್ಚಿದರೆ ರಾತ್ರಿಗೆ ಉಳಿಯುವುದು ತೀರಾ ಕಮ್ಮಿ. ಆದರೂ ಆ ದಿನ ಅವಳ ಮಡಿಲಲ್ಲಿ ಕೂರಿಸುವುದು ಬೇಡ, ರಾತ್ರಿ ನಿಮ್ಮ ಪಕ್ಕ ಮಲಗಿಸಿಕೊಳ್ಳಿ. ನೀರು ಜಾಸ್ತಿ ಕುಡಿಸಿ, ಮೂತ್ರದಲ್ಲಿ ಹೋಗುತ್ತದೆ. ಟಾಯ್ಲೆಟ್‌ಗೆ ಎರಡು ಸಲ ಫ್ಲಶ್ ಮಾಡಿಸಿ.