ಅತ್ತೆಯ ಬ್ಲಾಗಿಗೆ 30 ಪ್ಲಗಿನ್ ಬೇಕಾ?

ಚಿಕ್ಕಪ್ಪ: [ಫಾರ್ವರ್ಡ್] ವರ್ಡ್‌ಪ್ರೆಸ್ ಬ್ಲಾಗಿಗೆ ಬೇಕೇ ಬೇಕಾದ 30 ಪ್ಲಗಿನ್‌ಗಳು

ಚಿಕ್ಕಪ್ಪ: ಅಕ್ಕಾ, ಸ್ಪ್ಯಾಮ್ ಕಾಟ ಅಂತಿದ್ದೆಯಲ್ಲ. ಪ್ಲಗಿನ್ ಅಂದರೆ ಬ್ಲಾಗಿಗೆ ಹೊಸ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶ. ಇದರಲ್ಲಿ ಎಲ್ಲಾ ಇದೆ. ಒಂದೊಂದಾಗಿ ಹಾಕಿಕೋ.

ಅತ್ತೆ: ಇಷ್ಟೂ ಹಾಕಬೇಕೇನೋ? ನನಗೆ ಆ ಜೂಜು, ಸಾಲದ ಲಿಂಕುಗಳ ಕಾಮೆಂಟು ನಿಂತರೆ ಸಾಕು.

ನಾನು: ಅತ್ತೆ, ದಯವಿಟ್ಟು ಎಲ್ಲಾ ಹಾಕಬೇಡಿ. ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಈ ಪಟ್ಟಿ ಹಳೆಯದು. ಸೈಟ್‌ಮ್ಯಾಪ್‌ಗೆ (ಸರ್ಚ್ ಎಂಜಿನ್‌ಗಳಿಗೆ ಕೊಡುವ ಪುಟಗಳ ಪಟ್ಟಿ) ಒಂದು, ಚಿತ್ರಗಳ ಲೇಜಿ ಲೋಡಿಂಗ್‌ಗೆ (ಓದುಗರು ಹತ್ತಿರ ಬಂದಾಗಷ್ಟೇ ಚಿತ್ರ ತರುವುದು) ಒಂದು ಪ್ಲಗಿನ್ ಹೇಳಿದ್ದಾರೆ. 2020ರ 5.5 ಆವೃತ್ತಿಯಿಂದ ಇವೆರಡೂ ವರ್ಡ್‌ಪ್ರೆಸ್‌ನಲ್ಲೇ ಬರುತ್ತವೆ. ಕ್ಯಾಶಿಂಗ್‌ಗೆ, ಅಂದರೆ ಪುಟಗಳನ್ನು ಸಿದ್ಧಮಾಡಿಟ್ಟು ಬೇಗ ತೋರಿಸುವುದಕ್ಕೆ, ಮೂರು ಕೊಟ್ಟಿದ್ದಾರೆ. ಮೂರನ್ನೂ ಹಾಕಿದರೆ ಒಂದಕ್ಕೊಂದು ಅಡ್ಡ ಬಂದು ಸೈಟೇ ಕೆಡಬಹುದು.

ಚಿಕ್ಕಪ್ಪ: ಬೇಡದ್ದನ್ನು ಡಿಆ್ಯಕ್ಟಿವೇಟ್ ಮಾಡಿದರಾಯ್ತು. ಸುಮ್ನೆ ಇದ್ದರೆ ಏನು ನಷ್ಟ?

ನಾನು: ನಷ್ಟ ಇದೆ. ಡಿಆ್ಯಕ್ಟಿವೇಟ್ ಮಾಡಿದರೂ ಫೈಲುಗಳು ಸರ್ವರ್‌ನಲ್ಲೇ ಇರುತ್ತವೆ. ಅದರಲ್ಲಿ ತೂತಿದ್ದರೆ ಹ್ಯಾಕ್ ಮಾಡುವವರಿಗೆ ಅದೂ ಒಂದು ದಾರಿ. ಬೇಡ ಅಂದರೆ ಡಿಲೀಟ್ ಮಾಡಲೇಬೇಕು. ಜೊತೆಗೆ ಒಳ್ಳೆಯ ಪ್ಲಗಿನ್ ಕೂಡ ಕೈ ಬದಲಾಗಿಬಿಡುತ್ತದೆ. ಡಿಸ್‌ಪ್ಲೇ ವಿಜೆಟ್ಸ್ ಅಂತ ಒಂದಿತ್ತು, ಸುಮಾರು 2 ಲಕ್ಷ ಸೈಟುಗಳಲ್ಲಿ. 2017ರಲ್ಲಿ ಅದನ್ನು ಕೊಂಡವರು ಅಪ್‌ಡೇಟ್ ಹೆಸರಲ್ಲಿ ಹಿಂಬಾಗಿಲು (ಕದ್ದು ಒಳಬರುವ ದಾರಿ) ಸೇರಿಸಿ, ಜನರ ಸೈಟುಗಳಲ್ಲಿ ಸ್ಪ್ಯಾಮ್ ಪುಟ ಹಾಕಿದರು. ಲಾಗಿನ್ ಆದವರಿಗೆ ಆ ಪುಟ ಕಾಣುತ್ತಲೇ ಇರಲಿಲ್ಲ. ಸೈಟ್ ನಡೆಸುವವರಿಗೇ ಗೊತ್ತಾಗಬಾರದು ಅಂತ! 30 ಪ್ಲಗಿನ್ ಹಾಕಿದರೆ ಅಷ್ಟೂ ಜನರನ್ನು ಅತ್ತೆ ನಂಬಬೇಕು.

ಅಣ್ಣ: ಹಾಗಂತ ಏನೂ ಹಾಕದೆ ಇರಲಾಗುತ್ತಾ? ಒಂದು ಕ್ಯಾಪ್ಚಾ ಹಾಕಿ, ಮುಗೀತು.

ಅತ್ತೆ: ಅಯ್ಯೋ ಬೇಡಪ್ಪ. ನನ್ನ ಓದುಗರಲ್ಲಿ ವಯಸ್ಸಾದವರೇ ಜಾಸ್ತಿ. ಆ ಸೊಟ್ಟ ಅಕ್ಷರ ಓದಲಾಗದೆ ಕಾಮೆಂಟನ್ನೇ ಬಿಟ್ಟುಬಿಡುತ್ತಾರೆ.

ನಾನು: ಅತ್ತೆ ಹೇಳುವುದು ಸರಿ. ತಾವಾಗಿಯೇ ಕಾಮೆಂಟ್ ಹಾಕುವ ಪ್ರೋಗ್ರಾಂಗಳ, ಅಂದರೆ ಬಾಟ್‌ಗಳ, ಕಾಟಕ್ಕೆ ಓದುಗರನ್ನು ಯಾಕೆ ಪರೀಕ್ಷೆಗೆ ಕೂರಿಸಬೇಕು? ಪ್ಲಗಿನ್‌ಗೂ ಮೊದಲು ಸೆಟ್ಟಿಂಗ್ಸ್‌ನಲ್ಲಿ ಡಿಸ್ಕಷನ್ ತೆಗೆಯಿರಿ. ಹಳೆಯ ಬರಹಗಳಿಗೆ ಕಾಮೆಂಟ್ ತಾನಾಗಿ ಮುಚ್ಚುವ ಆಯ್ಕೆ ಇದೆ. ಎಷ್ಟು ಲಿಂಕ್ ಇದ್ದರೆ ಕಾಮೆಂಟ್ ತಡೆದಿಡಬೇಕು ಅನ್ನುವಲ್ಲಿ 2 ಅಂತಿರುತ್ತದೆ, ಅದನ್ನು 1 ಮಾಡಿ. ಸ್ಪ್ಯಾಮ್‌ನವರಿಗೆ ಬೇಕಿರುವುದೇ ಲಿಂಕ್, ಅಲ್ವಾ? ಆಮೇಲೆ ಆಂಟಿಸ್ಪ್ಯಾಮ್ ಬೀ ಅನ್ನುವ ಪ್ಲಗಿನ್ ಹಾಕಿ.

ಅಣ್ಣ: ಸ್ಪ್ಯಾಮ್ ತಡೆಯುವ ಅಕಿಸ್ಮೆಟ್ ಪ್ಲಗಿನ್ ಬಿಟ್ಟು? ಅದು 2005ರಿಂದ ಇದೆ. ಅಷ್ಟೊಂದು ಸೈಟುಗಳ ಸ್ಪ್ಯಾಮ್ ನೋಡಿ ಪಳಗಿದೆ.

ನಾನು: ಚೆನ್ನಾಗಿ ಹಿಡಿಯುತ್ತದೆ, ಒಪ್ಪಿದೆ. ಆದರೆ ಪ್ರತಿ ಕಾಮೆಂಟೂ ಬರೆದವರ ಇಮೇಲ್, ಐಪಿ ವಿಳಾಸದ ಸಮೇತ ಅವರ ಸರ್ವರ್‌ಗೆ ಹೋಗುತ್ತದೆ. ಉಚಿತ ಅನ್ನುವುದು ಹಣ ಗಳಿಸದ ಸ್ವಂತ ಬ್ಲಾಗಿಗೆ ಮಾತ್ರ, ಅತ್ತೆ ಜಾಹೀರಾತು ಹಾಕಿದ್ದಾರೆ. ಆಂಟಿಸ್ಪ್ಯಾಮ್ ಬೀಗೆ ಖಾತೆಯೂ ಬೇಡ, ಖಾತೆಯ ಗುರುತಿನ ಕೀಯೂ ಬೇಡ. ಕಾಮೆಂಟ್ ಫಾರ್ಮ್‌ನಲ್ಲಿ ಮನುಷ್ಯರ ಕಣ್ಣಿಗೆ ಬೀಳದ ಒಂದು ಖಾಲಿ ಜಾಗ ಇಡುತ್ತದೆ. ಬಾಟ್ ಅದನ್ನೂ ತುಂಬಿ ಸಿಕ್ಕಿಬೀಳುತ್ತದೆ.

ಅತ್ತೆ: ನಿಜವಾದ ಓದುಗರ ಕಾಮೆಂಟೂ ಸಿಕ್ಕಿಕೊಂಡರೆ?

ನಾನು: ಅಪರೂಪಕ್ಕೆ ಆಗಬಹುದು ಅತ್ತೆ. ಅದಕ್ಕೇ ಸ್ಪ್ಯಾಮನ್ನು ಅಳಿಸದೆ ಗುರುತು ಮಾಡಿ ಇಡುವ ಆಯ್ಕೆ ಆನ್ ಇರಲಿ. ಆಗಾಗ ಆ ಪಟ್ಟಿ ನೋಡಿ, ಒಳ್ಳೆಯ ಕಾಮೆಂಟ್ ಕಂಡರೆ ‘ನಾಟ್ ಸ್ಪ್ಯಾಮ್’ ಒತ್ತಿ.

ಚಿಕ್ಕಪ್ಪ: ಸರಿ, ಬ್ಯಾಕಪ್? ಅದೂ ನನ್ನ ಪಟ್ಟಿಯಲ್ಲಿದೆ. ಅದನ್ನೂ ಬೇಡ ಅಂತೀಯಾ?

ನಾನು: ಇಲ್ಲ ಚಿಕ್ಕಪ್ಪ, ಅದಂತೂ ಎಲ್ಲಕ್ಕಿಂತ ಮೊದಲು ಬೇಕು. ಅಪ್‌ಡ್ರಾಫ್ಟ್‌ಪ್ಲಸ್ ಅನ್ನುವ ಬ್ಯಾಕಪ್ ಪ್ಲಗಿನ್ ಹಾಕಿ, ಬ್ಯಾಕಪ್ ಗೂಗಲ್ ಡ್ರೈವ್‌ಗೆ ಹೋಗುವ ಹಾಗೆ ಮಾಡಬೇಕು. ಅದೇ ಸರ್ವರ್‌ನಲ್ಲಿಟ್ಟರೆ, ಸರ್ವರ್ ಹೋದ ದಿನ ಬ್ಲಾಗೂ ಬ್ಯಾಕಪ್ಪೂ ಒಟ್ಟಿಗೆ ಹೋಗುತ್ತವೆ.

ಚಿಕ್ಕಪ್ಪ: ಕ್ಯಾಶಿಂಗ್ ಒಂದಾದರೂ ಇರಲೇಬೇಕು. ಅದನ್ನು ನಾನು ಬಿಡಲ್ಲ.

ನಾನು: ಒಂದೇ ಒಂದು ಆದರೆ ನನ್ನದೇನೂ ತಕರಾರಿಲ್ಲ. ಹಾಕುವ ಮೊದಲು ಕೊನೆಯ ಅಪ್‌ಡೇಟ್ ಯಾವಾಗ ಬಂದಿದೆ ನೋಡಿ.

ಅತ್ತೆ: ಅದನ್ನು ನೀವಿಬ್ಬರೂ ಆಮೇಲೆ ತೀರ್ಮಾನಿಸಿ. ನಾನು ಬ್ಯಾಕಪ್ ಹಾಕುತ್ತಿದ್ದೇನೆ. ಗೂಗಲ್ ಡ್ರೈವ್ ಅನುಮತಿ ಕೇಳುತ್ತಿದೆ, ಕೊಡಲಾ?

ನಾನು: ಕೊಡಿ ಅತ್ತೆ. ಯಾವ ಖಾತೆ ಅಂತ ನೋಡಿಕೊಂಡು ಕೊಡಿ.