ಮುಂದಿನ ಚಕ್ರದ ಹತ್ತಿರ ಟಕ್ ಟಕ್ ಸದ್ದು: ಮೆಕ್ಯಾನಿಕ್ ಹತ್ರ ಕೇಳಿ

ಮೆಕ್ಯಾನಿಕ್, ದಾವಣಗೆರೆ: ಮಳೆ ನಿಂತಿದೆ, ಗುಂಡಿ ಹಾಗೇ ಇವೆ. ಈ ವಾರ ಶೆಡ್ಡಿಗೆ ಬಂದ ಗಾಡಿಗಳಲ್ಲಿ ಜಾಸ್ತಿ ದೂರು ಒಂದೇ, ಮುಂದೆ ಟಕ್ ಟಕ್ ಸದ್ದು. ಇವತ್ತು ಸಂಜೆ ಬಿಡುವಿದೆ, ಕೇಳಿ. ಆದರೆ ಸದ್ದು ಯಾವಾಗ ಬರುತ್ತದೆ ಅಂತ ಬರೆಯಿರಿ. ಹಂಪ್ ಮೇಲೋ, ಗುಂಡಿಯಲ್ಲೋ, ಸ್ಟೇರಿಂಗ್ ತಿರುಗಿಸುವಾಗಲೋ, ಬ್ರೇಕ್ ಹಿಡಿದಾಗಲೋ? ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದೂ ಬೇಕು.

ಹರಿಹರದವರು: ಅಣ್ಣ, 62 ಸಾವಿರ ಓಡಿದೆ. ಓಣಿಯೊಳಗೆ ನಿಧಾನಕ್ಕೆ ಹೋಗುವಾಗ ಸಣ್ಣ ಗುಂಡಿಗೂ ಟಕಟಕ ಅನ್ನುತ್ತದೆ. ಹಂಪ್ ನೆಟ್ಟಗೆ ದಾಟಿದರೆ ಏನೂ ಇಲ್ಲ. ಇದು ಹೇಗೆ?

ಮೆಕ್ಯಾನಿಕ್: ನೀವೇ ಅರ್ಧ ಉತ್ತರ ಹೇಳಿಬಿಟ್ಟಿರಿ. ಎಡ ಬಲ ಚಕ್ರಗಳನ್ನು ಜೋಡಿಸುವ ಒಂದು ಬಾರ್ ಇದೆ, ಅದರ ಎರಡೂ ತುದಿಗೆ ಲಿಂಕ್ ರಾಡ್ ಇರುತ್ತದೆ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಏರುತ್ತವೆ, ಬಾರ್ ತಿರುಚುವುದಿಲ್ಲ, ಲಿಂಕ್ ಮೇಲೆ ಭಾರ ಬೀಳುವುದಿಲ್ಲ. ಗುಂಡಿಯಲ್ಲಿ ಒಂದು ಚಕ್ರ ಮಾತ್ರ ಇಳಿಯುತ್ತದೆ, ಆಗ ಸವೆದ ಲಿಂಕ್ ಬಡಿಯುತ್ತದೆ. ಹಂಪನ್ನು ಬೇಕಂತಲೇ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ನೋಡಿ. ಸದ್ದು ಬಂದರೆ ಹೆಚ್ಚಾಗಿ ಅದೇ. ಎರಡೂ ಕಡೆ ಒಟ್ಟಿಗೆ ಬದಲಿಸಿ, ದೊಡ್ಡ ಖರ್ಚಲ್ಲ.

ವಿದ್ಯಾನಗರದವರು: ಸರ್ ನನಗೂ ಸಣ್ಣ ಗುಂಡಿಯಲ್ಲಿ ಟಕ್ ಟಕ್, ಏನಿರಬಹುದು?

ಮೆಕ್ಯಾನಿಕ್: ಮೇಲೆ ಹೇಳಿದ್ದೇನೆ.

ಜಗಳೂರಿನವರು: ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಹೊರಡಿಸಿದಾಗ ಕಟಕಟಕಟ ಅಂತ ಬರುತ್ತದೆ. ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ ಹೇಳಿದರು.

ಮೆಕ್ಯಾನಿಕ್: ಶಾಕ್ ಅಲ್ಲ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ರಬ್ಬರ್ ಬೂಟ್ ಹರಿದು ಗ್ರೀಸ್ ಸಿಡಿದಿರುತ್ತದೆ, ಚಕ್ರದ ಒಳಗಡೆ ನೋಡಿ.

ನಿಟುವಳ್ಳಿಯವರು: ಎಲ್ಲರಿಗೂ ಉಪಯೋಗ ಆಗಲಿ ಅಂತ ಫಾರ್ವರ್ಡ್ ಹಾಕುತ್ತಿದ್ದೇನೆ. "ಸುಟ್ಟ ಎಂಜಿನ್ ಆಯಿಲಿಗೆ ಅಷ್ಟೇ ಡೀಸೆಲ್ ಬೆರೆಸಿ ಬುಷ್‌ಗಳಿಗೆ ಹೊಡೆಯಿರಿ, ಟೈರ್ ಗಾಳಿ 22ಕ್ಕೆ ಇಳಿಸಿ, ಸದ್ದು ಮಾಯ, 2 ಸಾವಿರ ಉಳಿತಾಯ."

ಮೆಕ್ಯಾನಿಕ್: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಬುಷ್ ಅಂದರೆ ಜೋಡಣೆಗಳ ನಡುವಿನ ರಬ್ಬರ್. ಡೀಸೆಲ್, ಆಯಿಲ್ ಬಿದ್ದರೆ ಅದು ಉಬ್ಬಿ ಮೆತ್ತಗಾಗುತ್ತದೆ. ನಾಲ್ಕು ದಿನ ಸದ್ದು ಅಡಗುತ್ತದೆ, ಆಮೇಲೆ ಬುಷ್ ಹರಿಯುತ್ತದೆ. ಗಾಳಿ ಕಮ್ಮಿ ಮಾಡಿ ಹೈವೇಲಿ ಹೋದರೆ ಟೈರ್ ಕಾದು ಸಿಡಿಯಬಹುದು. ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಇರಲಿ.

ನಿಟುವಳ್ಳಿಯವರು: 30 ವರ್ಷದಿಂದ ವಾಟರ್ ಸರ್ವಿಸ್ ಮಾಡಿಸಿದಾಗೆಲ್ಲ ಕೆಳಗೆ ಆಯಿಲ್ ಹೊಡೆಸಿದ್ದೇನೆ, ಏನೂ ಆಗಿಲ್ಲ.

ಹೊಳಲ್ಕೆರೆಯವರು: ಸರ್, ನಮಸ್ಕಾರ. 1 ಲಕ್ಷ 10 ಸಾವಿರ ಓಡಿದ ಗಾಡಿ. ನಮ್ಮ ಕಡೆ ಅದಿರಿನ ಲಾರಿ ಓಡಾಡಿ ರಸ್ತೆ ಹಾಳಾಗಿದೆ. ಮೂರು ವಾರದಿಂದ ಬ್ರೇಕ್ ಹಿಡಿದಾಗ ಧಡ್ ಅಂತ ಒಂದೇ ಏಟು, ರಿವರ್ಸ್ ತೆಗೆದಾಗಲೂ ಒಂದು. ಗಾಡಿ ಎಡಕ್ಕೆ ಎಳೆಯುತ್ತದೆ. ಹೋದ ತಿಂಗಳು ಲಿಂಕ್ ರಾಡ್ ಹಾಕಿಸಿದೆ, ಹೋಗಲಿಲ್ಲ. ನಾಳೆ ಬೆಳಿಗ್ಗೆ ಅವ್ವನನ್ನು ಬೆಂಗಳೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹೋಗಿ ಬಂದು ತೋರಿಸಿದರೆ ನಡೆಯುತ್ತದಾ?

ಚನ್ನಗಿರಿಯವರು: ಲಿಂಕ್ ರಾಡ್ ಲೋಕಲ್ ಹಾಕಿರುತ್ತಾರೆ, ಅದಕ್ಕೇ. ಒರಿಜಿನಲ್ ಹಾಕಿಸಿ.

ಚಿತ್ರದುರ್ಗದವರು: ಒರಿಜಿನಲ್ ಅಂದರೆ ದುಡ್ಡು ಮೂರು ಪಟ್ಟು. ನಾನು ಲೋಕಲ್ ಹಾಕಿಸಿ 40 ಸಾವಿರ ಓಡಿಸಿದ್ದೇನೆ.

ಚನ್ನಗಿರಿಯವರು: ನಿಮ್ಮ ಗಾಡಿ ದುರ್ಗದ ಕೋಟೆ ಸುತ್ತ ಓಡಿರಬೇಕು. ನಮ್ಮ ತೋಟದ ದಾರಿಗೆ ತನ್ನಿ, ನೋಡೋಣ.

ಮೆಕ್ಯಾನಿಕ್: ಇಬ್ಬರೂ ಸ್ವಲ್ಪ ನಿಲ್ಲಿಸಿ. ಹೊಳಲ್ಕೆರೆಯವರೇ, ಎಡಗಡೆ ಮುಂದಿನ ಟೈರ್ ಒಳಗಿನ ಅಂಚು ಬೋಳಾಗಿದೆಯಾ, ಈಗಲೇ ನೋಡಿ ಹೇಳಿ.

ಹೊಳಲ್ಕೆರೆಯವರು: ಹೌದು ಸರ್, ಒಳಗಡೆ ಪೂರ್ತಿ ನುಣ್ಣಗಾಗಿದೆ.

ಮೆಕ್ಯಾನಿಕ್: ಹಾಗಾದರೆ ಇದು ಲಿಂಕ್ ರಾಡ್ ವಿಷಯ ಅಲ್ಲ. ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಅದನ್ನು ತಡೆಯೋದು ಲೋಯರ್ ಆರ್ಮಿನ, ಅಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ತೋಳಿನ, ಬುಷ್. ಅದು ಹರಿದರೆ ಇಡೀ ಆರ್ಮ್ ಹಿಂದೆ ಮುಂದೆ ಆಡಿ ಧಡ್ ಅನ್ನುತ್ತದೆ, ಚಕ್ರದ ಕೋನ ಕೆಟ್ಟು ಗಾಡಿ ಎಳೆಯುತ್ತದೆ, ಟೈರ್ ಒಂದೇ ಕಡೆ ಸವೆಯುತ್ತದೆ. ಬುಷ್ ಮಾತ್ರ ಆಗಿದ್ದರೆ ನನಗೆ ಇಷ್ಟು ಗಾಬರಿ ಇರುತ್ತಿರಲಿಲ್ಲ. ಆರ್ಮಿನ ತುದಿಯಲ್ಲಿ ಅದನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟ್ ಇದೆ, ಅದೂ ಸಡಿಲ ಆಗಿರಬಹುದು ಅನ್ನೋದು ನನ್ನ ಭಯ. ಈಗ ಒಂದು ಕೆಲಸ ಮಾಡಿ. ಮಟ್ಟಸವಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಎಡಗಡೆ ಚಕ್ರ ನೆಲ ಬಿಡುವಷ್ಟು ಜಾಕ್ ಏರಿಸಿ. ಗಾಡಿ ಕೆಳಗೆ ಕೈಕಾಲು ತಲೆ ಏನೂ ಹಾಕಬೇಡಿ. ಹೊರಗೇ ಕೂತು ಟೈರನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಡಿದರೆ, ಮನೆಯವರೊಬ್ಬರಿಗೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಗ ಆಟ ನಿಂತರೆ ವೀಲ್ ಬೇರಿಂಗ್. ನಿಲ್ಲದೇ ಇದ್ದರೆ ಬಾಲ್ ಜಾಯಿಂಟ್. ಎಡ ಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್, ಅಂದರೆ ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ರಾಡ್. ನೋಡಿ ಬನ್ನಿ, ನಾನು ಇಲ್ಲೇ ಇರುತ್ತೇನೆ.

ಹರಿಹರದವರು: ಅಣ್ಣ, ಲಿಂಕ್ ರಾಡ್ ಕೂಲಿ ಎಷ್ಟಾಗಬಹುದು?

ಶಾಮನೂರಿನವರು: ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಹಾಕಿಸಿದರೆ ಈ ಎಲ್ಲ ಸದ್ದೂ ಹೋಗುತ್ತದೆ ಅಂತಾರೆ. ನಿಜವಾ?

ಮೆಕ್ಯಾನಿಕ್: ಇಲ್ಲ. ಸವೆದ ಜಾಯಿಂಟ್ ಸವೆದೇ ಇರುತ್ತದೆ, ಗಾಡಿ ಸ್ವಲ್ಪ ಎತ್ತರ ಆಗುತ್ತದೆ ಅಷ್ಟೇ.

ನಿಟುವಳ್ಳಿಯವರು: ಈ ಮೆಕ್ಯಾನಿಕ್‌ಗಳು ಯಾವುದಕ್ಕೂ ಹೂಂ ಅನ್ನಲ್ಲ ಬಿಡಿ. ಪಾರ್ಟ್ಸ್ ಮಾರಬೇಕಲ್ಲ.

ಮೆಕ್ಯಾನಿಕ್: ಸ್ವಾಮಿ, ನಾನು ಇಲ್ಲಿ ಯಾರಿಗೂ ಪಾರ್ಟ್ಸ್ ಮಾರುತ್ತಿಲ್ಲ. ನಾಳೆ ಒಬ್ಬರು ತಾಯಿಯನ್ನು ಕೂರಿಸಿಕೊಂಡು ಹೈವೇ ಹತ್ತುವವರಿದ್ದಾರೆ. ಅವರು ನಿಮ್ಮ ಫಾರ್ವರ್ಡ್ ನಂಬಿ ಆಯಿಲ್ ಹೊಡೆದು ಸದ್ದು ಅಡಗಿಸಿಕೊಂಡು ಹೊರಟಿದ್ದರೆ? ಸದ್ದೇ ಅವರನ್ನು ಎಚ್ಚರಿಸುತ್ತಿರೋದು. ಆ ಫಾರ್ವರ್ಡ್ ಅಳಿಸಿ.

ಚಿತ್ರದುರ್ಗದವರು: ಹಿರಿಯರ ಹತ್ರ ಹೀಗೆ ಮಾತಾಡಬಾರದು.

ಚನ್ನಗಿರಿಯವರು: ಹಿರಿಯರಾದರೆ ತಪ್ಪು ಹೇಳಬಹುದಾ?

ಹೊಳಲ್ಕೆರೆಯವರು: ಸರ್, ನೋಡಿದೆ. ಮೇಲೆ ಕೆಳಗೆ ಹಿಡಿದರೆ ಟಕ್ ಅಂತ ಆಡುತ್ತದೆ, ಕೈಗೇ ಗೊತ್ತಾಗುತ್ತದೆ. ಬ್ರೇಕ್ ಒತ್ತಿದರೂ ನಿಲ್ಲಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ, ಕೆಳಗಿನ ರಬ್ಬರ್ ಟೋಪಿ ಹರಿದು ಒಳಗೆ ಮಣ್ಣು ತುಂಬಿದೆ.

ಮೆಕ್ಯಾನಿಕ್: ಗಾಡಿ ತೆಗೆಯಬೇಡಿ. ಬೆಂಗಳೂರು ಇರಲಿ, ದಾವಣಗೆರೆ ತನಕವೂ ಓಡಿಸಬೇಡಿ. ಆ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಬೀಳುತ್ತದೆ, ಸ್ಟೇರಿಂಗ್ ನಿಮ್ಮ ಮಾತು ಕೇಳುವುದಿಲ್ಲ. ಬಿದ್ದ ಗಾಡಿ ಎಳೆದು ತಂದಿದ್ದೇನೆ ನಾನು. ಹೆಚ್ಚಿನವು ನಿಧಾನಕ್ಕೆ ತಿರುಗಿಸುವಾಗ ಬಿದ್ದವು, ಅವರ ಪುಣ್ಯ. ಅವ್ವನನ್ನು ಚಿಕ್ಕಜಾಜೂರಿನಿಂದ ರೈಲಿಗೆ ಕರೆದುಕೊಂಡು ಹೋಗಿ, ಆಗದಿದ್ದರೆ ಬೇರೆ ಗಾಡಿ ಮಾಡಿ. ನಿಮ್ಮ ಗಾಡಿಯನ್ನು ಲಾರಿ ಮೇಲೆ ಹೇರಿಸಿ ಶೆಡ್ಡಿಗೆ ಕಳಿಸಿ. ನನ್ನ ಹತ್ರವೇ ಬರಬೇಕಂತಿಲ್ಲ.

ಹೊಳಲ್ಕೆರೆಯವರು: ಸರಿ ಸರ್. ತಮ್ಮನ ಗಾಡಿ ಕೇಳಿದ್ದೇನೆ, ಬರುತ್ತಿದೆ. ಶೆಡ್ಡಿನಲ್ಲಿ ಏನು ಹೇಳಲಿ?

ಮೆಕ್ಯಾನಿಕ್: ಒಳ್ಳೆಯದಾಯಿತು. ಎಡಗಡೆ ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಸಮೇತ ಬದಲಿಸಲಿ, ಬಲಗಡೆಯದನ್ನೂ ಅಲ್ಲಾಡಿಸಿ ನೋಡಲಿ. ಬುಷ್ ಬೋಲ್ಟ್‌ಗಳ ಕೊನೆಯ ಬಿಗಿ ಗಾಡಿಯನ್ನು ನೆಲಕ್ಕೆ ಇಳಿಸಿದ ಮೇಲೇ ಕೊಡಬೇಕು. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಇದನ್ನು ಎದುರು ನಿಂತು ಮಾಡಿಸಿ. ಆಮೇಲೆ ಅಲೈನ್‌ಮೆಂಟ್, ಆ ಟೈರನ್ನೂ ಬದಲಿಸಿ.

ಶಾಮನೂರಿನವರು: ಬಫರ್ ಹಾಕಿಸಿದ ನನ್ನ ಭಾವನ ಗಾಡಿ ಸುಮ್ಮನಾಗಿದೆಯಲ್ಲ, ಅದಕ್ಕೇನು ಹೇಳುತ್ತೀರಿ?

ವಿದ್ಯಾನಗರದವರು: ಸರ್, ಮೇಲೆ ಅಂದರೆ ಎಲ್ಲಿ? ಸಿಗುತ್ತಿಲ್ಲ.

ಮೆಕ್ಯಾನಿಕ್: ಹರಿಹರದವರಿಗೆ ಬರೆದದ್ದು ಓದಿ. ಹೊಳಲ್ಕೆರೆಯವರೇ, ಜಾಕ್ ಇಳಿಸಿದ್ದೀರಿ ತಾನೆ? ಗಾಡಿ ಕೀಲಿ ಯಾರಿಗೂ ಕೊಡಬೇಡಿ.